ಸುತ್ತು ಬಾಣದ ಗುಂಡಿ

ಚಳಿಗಾಲ ಇನ್ನೇನು ಬೆನ್ನು ತಿರುಗಿಸಬೇಕು ಅನ್ನುವ ದಿನಗಳು. ಭಾನುವಾರ, ಬೆಳಗಿನ ಹತ್ತು ಗಂಟೆ. ಬಿಸಿಲು ಹಿತ್ತಿಲ ಮೆಟ್ಟಿಲಿನ ಮೂರನೆಯ ಕಲ್ಲಿಗೆ ಬಂದಿತ್ತು. ದೊಡ್ಡಪ್ಪ ಮಣೆ ಎಳೆದುಕೊಂಡು ಕುಳಿತು, ಲ್ಯಾಪ್‌ಟಾಪಿಗೆ ಸ್ನಾನ ಮಾಡಿಸಲು ಶುರು ಮಾಡಿದರು.

ಸ್ನಾನವೆಂದರೆ ಅದನ್ನು ಎತ್ತಿ ಬಕೆಟ್ಟಿಗೆ ಅದ್ದುತ್ತಿದ್ದರೆಂದು ತಿಳಿಯಬೇಡಿ. ತೆಳ್ಳನೆಯ ತಗಡಿನ ಚೂರಿನಿಂದ ಗುಂಡಿಗಳನ್ನು ಒಂದೊಂದಾಗಿ ಎಬ್ಬಿಸಿ, ಸೋಪಿನ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು, ಮತ್ತೆ ಅವುಗಳ ಜಾಗದಲ್ಲಿ ಕೂರಿಸುವುದು. ದೊಡ್ಡಪ್ಪ ನಲವತ್ತೆರಡು ವರ್ಷ ಟೈಪ್‌ರೈಟರ್ ರಿಪೇರಿ ಮಾಡಿದವರು. ಶಾಲೆಗೆ ಹೋದದ್ದು ಮೂರನೆಯ ತರಗತಿಯವರೆಗೆ. ಬೀದಿಯವರು ಅವರನ್ನು ಟಕಟಕ ಮಾಮ ಎಂದೇ ಕರೆಯುತ್ತಿದ್ದರು. "ಕೊಳೆ ಇರೋ ಯಂತ್ರ ಸುಳ್ಳು ಹೇಳುತ್ತೆ, ಮೊದಲು ತೊಳಿ, ಆಮೇಲೆ ಕೇಳು" ಎಂದು ಅವರಿಗೆ ಕೆಲಸ ಕಲಿಸಿದ ಗುರು ಹೇಳಿದ್ದರು. ಗುರು ಹೋಗಿ ಎಷ್ಟೋ ವರ್ಷವಾಗಿತ್ತು, ಮಾತು ಹೋಗಿರಲಿಲ್ಲ. ಆ ಮನೆಯ ಹೊಸ್ತಿಲು ದಾಟಿದ ಯಾವ ಯಂತ್ರವೂ ಮೀಯದೆ ಮೇಜು ಹತ್ತಿದ್ದಿಲ್ಲ.

ತೊಳೆಯುವುದು ದೊಡ್ಡಪ್ಪನ ಕೆಲಸ, ಒಣಗಿಸುವುದು ದೊಡ್ಡಮ್ಮನದು. ಕೀಲಿಮಣೆಯ ಮೇಲೆ ಗುಂಡಿಗಳು ಯಾವ ಸಾಲಿನಲ್ಲಿ ಇದ್ದವೋ ಅದೇ ಸಾಲಿನಲ್ಲಿ ಅಲ್ಯೂಮಿನಿಯಂ ತಟ್ಟೆಯ ಬಟ್ಟೆಯ ಮೇಲೆ ಇಡಬೇಕು. ತಟ್ಟೆಯಲ್ಲಿ ಇದ್ದ ಹಾಗೆಯೇ ದೊಡ್ಡಪ್ಪ ಎತ್ತಿ ಎತ್ತಿ ಒತ್ತುತ್ತಿದ್ದರು, ಅಕ್ಷರ ನೋಡುತ್ತಿರಲಿಲ್ಲ. ಮದುವೆಯಾದ ವರ್ಷದಿಂದ ಹೀಗೇ ನಡೆದು ಬಂದಿತ್ತು, ಒಂದು ಸಲವೂ ತಪ್ಪಿರಲಿಲ್ಲ.

ಲ್ಯಾಪ್‌ಟಾಪು ದೊಡ್ಡಪ್ಪನ ತಮ್ಮನ ಮಗಳದು. ಕಾರ್ಖಾನೆಗೆ ಹತ್ತಿರವೆಂದು ಆರು ವರ್ಷದಿಂದ ಅವಳು ಇವರ ಮನೆಯಲ್ಲೇ ಇದ್ದಳು. ಅದು ಸ್ವೆಟರ್ ಹೆಣೆಯುವ ಕಾರ್ಖಾನೆ. ಅಲ್ಲಿ ಅವಳ ಕೆಲಸ ತೋಳು ಜೋಡಿಸುವುದು. ಬೆಳಿಗ್ಗೆಯಿಂದ ಸಂಜೆಯವರೆಗೆ ಎಡ ತೋಳು, ಬಲ ತೋಳು, ಎಡ ತೋಳು, ಬಲ ತೋಳು. ಮನೆಗೆ ಬಂದ ಮೇಲೆ ಚೌಕುಳಿ ಕಾಗದದ ಮೇಲೆ ಸ್ವೆಟರಿನ ನಕ್ಷೆ ಬರೆಯುವುದು. ಹಾಗೆ ಬರೆದ ಹಾಳೆಗಳು ಒಂದು ಟ್ರಂಕು ತುಂಬ ಇದ್ದವು. ಕಾರ್ಖಾನೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಹೆಣಿಗೆ ಯಂತ್ರವೊಂದನ್ನು ಕೇಳಿ ತಂದುಕೊಂಡಿದ್ದಳು. ಅದರ ಸೂಜಿಗಳೆಲ್ಲ ಸರಿಯಾಗಿದ್ದವು. ಯಾವ ಸೂಜಿ ಏಳಬೇಕು, ಯಾವುದು ಕೂರಬೇಕು ಎಂದು ಹೇಳುವ ಪೆಟ್ಟಿಗೆ ಮಾತ್ರ ಸುಟ್ಟು ಹೋಗಿತ್ತು.

ಕಾರ್ಖಾನೆಯ ಯಜಮಾನಿ ಅವಳ ಹಾಳೆಗಳನ್ನು ನೋಡಿ ಹೀಗೆ ಹೇಳಿದ್ದರು: "ಕಾಗದದ ಮೇಲೆ ಯಾರು ಬೇಕಾದ್ರೂ ಆನೆ ಬರೀಬಹುದು. ಯಂತ್ರದಲ್ಲಿ ಹೆಣೆದು ತೋರಿಸು. ಶುಕ್ರವಾರ ಮಧ್ಯಾಹ್ನ ನಿಮ್ಮ ಮನೆಗೇ ಬರ್ತೀನಿ. ಹೆಣೆದ್ರೆ ಮಹಡಿ ಮೇಲಿನ ನಕ್ಷೆ ಮೇಜು ನಿಂದು. ಇಲ್ಲಾಂದ್ರೆ ಸುಮ್ನೆ ತೋಳು ಜೋಡಿಸ್ಕೊಂಡಿರು, ಇನ್ನೊಂದ್ಸಲ ಈ ಮಾತು ಎತ್ತಬೇಡ."

ಸುಟ್ಟ ಪೆಟ್ಟಿಗೆಯ ಬದಲು ಲ್ಯಾಪ್‌ಟಾಪಿನಿಂದಲೇ ಸೂಜಿಗಳನ್ನು ಕುಣಿಸುವ ಪ್ರೋಗ್ರಾಮೊಂದನ್ನು ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟಿದ್ದರು. ಹುಡುಗಿ ಅದನ್ನು ಹುಡುಕಿ ಇಟ್ಟುಕೊಂಡಿದ್ದಳು. ಮುಚ್ಚಿಹೋದ ಕಂಪ್ಯೂಟರ್ ತರಬೇತಿ ಕೇಂದ್ರವೊಂದು ತನ್ನ ಸಾಮಾನು ವಿಲೇವಾರಿ ಮಾಡುವಾಗ ಈ ಲ್ಯಾಪ್‌ಟಾಪನ್ನು ತಂದಿದ್ದಳು. ಆದರೆ ಅದು ಹೊರಗಿನ ಪ್ರೋಗ್ರಾಮನ್ನು ಒಳಗೆ ಬಿಟ್ಟುಕೊಳ್ಳದ ಜಾತಿಯದು. ಬಿಟ್ಟುಕೊಳ್ಳಬೇಕಾದರೆ ಮೊದಲು ಅದನ್ನು ಡೆವಲಪರ್ ಮೋಡಿಗೆ ಹಾಕಬೇಕಿತ್ತು.

"ಹಂಗಂದ್ರೇನು ಮಗಾ?" ಎಂದು ದೊಡ್ಡಪ್ಪ ಕೇಳಿದ್ದರು.

"ಈಗ ಇದು ಬಾಡಿಗೆ ಮನೆ ಇದ್ದ ಹಾಗೆ ದೊಡ್ಡಪ್ಪ. ಗೋಡೆಗೆ ಮೊಳೆ ಹೊಡೀಬೇಕಾದ್ರೂ ಮಾಲೀಕರನ್ನ ಕೇಳ್ಬೇಕು. ಡೆವಲಪರ್ ಮೋಡಿಗೆ ಹಾಕಿದ್ರೆ ಮನೆ ನಮ್ಮದೇ."

"ಹಾಗಾದ್ರೆ ಹಾಕು. ಬಾಡಿಗೆ ಮನೆಯಲ್ಲಿ ಯಾಕಿರ್ತೀಯ?"

ಹಾಕುವುದು ಹೇಗೆಂದು ಅವಳು ಓದಿಕೊಂಡಿದ್ದಳು. ಎಡಗೈಯಲ್ಲಿ ಎರಡು ಗುಂಡಿ ಒಟ್ಟಿಗೆ ಅದುಮಬೇಕು: ಮೂಲೆಯಲ್ಲಿರುವ ಎಸ್ಕೇಪ್, ಅದೇ ಸಾಲಿನಲ್ಲಿ ದುಂಡಗೆ ಸುತ್ತಿಕೊಂಡ ಬಾಣದ ಚಿತ್ರವಿರುವ ಗುಂಡಿ. ಅವೆರಡನ್ನೂ ಬಿಡದೆ, ಬಲಗೈಯಲ್ಲಿ ಪವರ್ ಗುಂಡಿ ಒತ್ತಬೇಕು. ಆಗ ಒಂದು ಎಚ್ಚರಿಕೆಯ ಪರದೆ ಬರುತ್ತದೆ. ಮುಂದಿನದು ಸುಲಭ.

ಸೋಮವಾರ ಸಂಜೆ ಕೆಲಸದಿಂದ ಬಂದವಳೇ ಕೈಕಾಲು ತೊಳೆದು ಕುಳಿತಳು. ಮೂರೂ ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು, ಬೆಳಗಿತು, ಎಂದಿನ ಹಾಗೆ ಪಾಸ್‌ವರ್ಡ್ ಕೇಳಿತು. ಮತ್ತೆ ಒತ್ತಿದಳು. ಮತ್ತೆ ಪಾಸ್‌ವರ್ಡ್. ಒಂದು ಕ್ಷಣ ಹೆಚ್ಚು ಹಿಡಿದು ನೋಡಿದಳು, ಒಂದು ಕ್ಷಣ ಕಡಿಮೆ ಹಿಡಿದು ನೋಡಿದಳು. ಹತ್ತು ಸಲ, ಇಪ್ಪತ್ತು ಸಲ.

"ನೋಡೇ ಮರಿ, ಅದು ನಿಮ್ಮ ದೊಡ್ಡಪ್ಪನ ಥರಾನೇ" ಎಂದರು ದೊಡ್ಡಮ್ಮ ಅಡುಗೆಮನೆಯಿಂದ. "ಎಷ್ಟು ಕೂಗಿದ್ರೂ ಯಾರು ಅಂತಾನೇ ಕೇಳೋದು."

ದೊಡ್ಡಪ್ಪ ಪವರ್ ಗುಂಡಿ ಸೋತಿರಬಹುದೆಂದು ಅದರ ಅಡಿಯ ತಗಡನ್ನು ಸ್ಪಿರಿಟ್ಟಿನಿಂದ ಒರೆಸಿದರು. ಏನೂ ಆಗಲಿಲ್ಲ.

ಮಂಗಳವಾರ ಎದುರು ಸಾಲಿನ ಮೊಬೈಲ್ ಅಂಗಡಿಯವನು ಬಂದ. ಮಾತಿನಲ್ಲಿ ಮನೆ ಕಟ್ಟುವ ಆಸಾಮಿ, ಮನಸ್ಸು ಒಳ್ಳೆಯದು.

"ಮಾಮಾ, ಇದು ತರಬೇತಿ ಕೇಂದ್ರದ್ದು ತಾನೆ? ಅವರು ಬೀಗ ಹಾಕಿರ್ತಾರೆ. ಅವರು ತೆಗೆಯೋ ತನಕ ದೇವರು ಬಂದ್ರೂ ಆಗಲ್ಲ."

ಹುಡುಗಿ ತಲೆಯಾಡಿಸಿದಳು. "ಬೀಗ ಹಾಕಿದ್ರೆ ಪಾಸ್‌ವರ್ಡ್ ಕೇಳೋ ಕಡೇನೇ ಕೆಳಗಡೆ ಅವರ ಹೆಸರು ಬರುತ್ತೆ ಅಣ್ಣ. ನೋಡಿ, ಏನೂ ಇಲ್ಲ. ಇದು ಖುಲ್ಲಾ ಇದೆ."

"ಹಾಗಾದ್ರೆ ಕೀಲಿಮಣೆ ಹೋಗಿದೆ. ನಾಳೆ ಬೇರೇದು ತಂದು ಚುಚ್ಚಿ ನೋಡ್ತೀನಿ."

ಬುಧವಾರ ಅವನು ಹೊರಗಿನ ಕೀಲಿಮಣೆ ತಂದು ಚುಚ್ಚಿದ. ಈ ಕೆಲಸಕ್ಕೆ ಮಾತ್ರ ಲ್ಯಾಪ್‌ಟಾಪು ತನ್ನ ಮೈಮೇಲಿನ ಗುಂಡಿಗಳ ಮಾತಲ್ಲದೆ ಬೇರೆಯವರ ಮಾತು ಕೇಳುವುದಿಲ್ಲವಂತೆ. ಆಮೇಲೆ ಬೆನ್ನಿನ ಸ್ಕ್ರೂ ಬಿಚ್ಚಿ, ಬ್ಯಾಟರಿಯ ತಂತಿ ಕಿತ್ತು, ಹತ್ತು ನಿಮಿಷ ಬಿಟ್ಟು ಮತ್ತೆ ಸಿಕ್ಕಿಸಿದರು. ಮತ್ತೆ ಪಾಸ್‌ವರ್ಡ್.

"ಮದರ್‌ಬೋರ್ಡೇ ಹೋಗಿದೆ ಮಾಮಾ. ಗುಜರಿಗೆ ಹಾಕಿ, ಹೊಗೆಸೊಪ್ಪಿಗಾದ್ರೂ ಆಗುತ್ತೆ" ಎಂದು ಅವನು ಕೈ ಒರೆಸಿಕೊಂಡ.

"ನಾನು ಹೊಗೆಸೊಪ್ಪು ಹಾಕಲ್ಲ" ಎಂದರು ದೊಡ್ಡಪ್ಪ.

ಆ ಸಂಜೆ ಹುಡುಗಿ ಊಟದ ತಟ್ಟೆಯ ಮುಂದೆ ಕುಳಿತು ಬೆರಳಿನಲ್ಲಿ ಗೆರೆ ಎಳೆಯುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ, "ನಾಳೆ ಯಜಮಾನಿ ಅಮ್ಮನಿಗೆ ಬರೋದು ಬೇಡ ಅಂತ ಹೇಳ್ಬಿಡ್ತೀನಿ" ಎಂದಳು. "ಬಂದು ನೋಡಿ ನಗೋದಕ್ಕಿಂತ ಅದೇ ವಾಸಿ."

"ನಕ್ರೆ ಹಲ್ಲು ಉದುರುತ್ತಾ ಅವಳಿಗೆ? ನಗಲಿ ಬಿಡು" ಎಂದು ದೊಡ್ಡಮ್ಮ ರೇಗಿದರು. ರೇಗುತ್ತಲೇ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು.

ದೊಡ್ಡಪ್ಪ ಕೈ ತೊಳೆದು ಬಂದು ಹೇಳಿದರು: "ಮಗಾ, ನಾಳೆ ಮಧ್ಯಾಹ್ನದವರೆಗೆ ಬಾಯಿ ಬಿಡಬೇಡ. ಅರ್ಧ ದಿನ ರಜ ಹಾಕಿ ಬಾ. ಅಷ್ಟು ಹೊತ್ತು ನನಗೆ ಕೊಡು."

ಗುರುವಾರ ಬೆಳಿಗ್ಗೆ ಅವರು ಮೇಜಿನ ಮುಂದೆ ಸುಮ್ಮನೆ ಕುಳಿತರು. ಏನನ್ನೂ ಬಿಚ್ಚಲಿಲ್ಲ. ನೋಡಿದವರಿಗೆ ತೂಕಡಿಸುತ್ತಿದ್ದಾರೆ ಅನ್ನಿಸುತ್ತಿತ್ತು. ಅವರು ಹಳೆಯ ಯಂತ್ರಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ತೆರೆದು ನೋಡುತ್ತಿದ್ದರು. ಯಾವುದರ ಯಾವ ಸ್ಪ್ರಿಂಗು ಎಂದು ಮುರಿಯಿತು, ಯಾರು ತಂದಿದ್ದರು, ಅಂದು ಏನು ಹೇಳಿದರು, ಎಲ್ಲವೂ ಅವರ ತಲೆಯಲ್ಲಿ ಅಚ್ಚಾಗಿ ಉಳಿದಿತ್ತು. ಹಾಗೆ ಹುಡುಕುತ್ತಾ ಹೋದಾಗ ಸಿಕ್ಕವಳು ಕೋರ್ಟಿನ ಟೈಪಿಸ್ಟ್ ಹೆಂಗಸು. ದೊಡ್ಡಪ್ಪ ಇನ್ನೂ ಗುರುವಿನ ಕೈಕೆಳಗಿದ್ದ ಕಾಲ. ಆಕೆ ಅಳುತ್ತಾ ಬಂದಿದ್ದಳು. "ನಾನು ಹೊಡೆಯೋದೊಂದು, ಕಾಗದದ ಮೇಲೆ ಬೀಳೋದೊಂದು, ಸಾಹೇಬ್ರು ನನಗೆ ಕಣ್ಣು ಕಾಣಲ್ಲ ಅಂತಾರೆ" ಎಂದಿದ್ದಳು. ದೊಡ್ಡಪ್ಪ ಎರಡು ದಿನ ತಡಕಿ ಸೋತರು. ಗುರು ಬಂದು ಒಂದೇ ಮಾತು ಹೇಳಿದರು: "ಗುಂಡಿಯ ಮುಖ ನೋಡಬೇಡ್ವೋ. ಅದರ ಕಾಲು ಎಲ್ಲಿಗೆ ಹೋಗುತ್ತೆ ನೋಡು."

ಮಧ್ಯಾಹ್ನ ಹುಡುಗಿ ಚಪ್ಪಲಿ ಬಿಡುವಷ್ಟರಲ್ಲೇ ದೊಡ್ಡಪ್ಪ ಕೇಳಿದರು:

"ಮಗಾ, ಆ ಸುತ್ತು ಬಾಣದ ಗುಂಡಿ ಬೇರೆ ಹೊತ್ತಿನಲ್ಲಿ ಏನು ಕೆಲಸ ಮಾಡುತ್ತೆ?"

"ನೋಡ್ತಿರೋ ಪುಟಾನ ಮತ್ತೆ ಹೊಸದಾಗಿ ತರುತ್ತೆ. ಒತ್ತಿದ್ರೆ ಪುಟ ಒಂದ್ಸಲ ಮಿಣುಕಿ ಬರುತ್ತೆ."

"ಒತ್ತಿ ತೋರಿಸು."

ಅವಳು ಯಾವುದೋ ಪುಟ ತೆರೆದು ಒತ್ತಿದಳು. ಪುಟ ಕಲ್ಲಿನ ಹಾಗೆ ನಿಂತಿತ್ತು. ಮತ್ತೆ ಒತ್ತಿದಳು. ಮಿಣುಕಲಿಲ್ಲ.

"ನೋಡಿ, ಗುಂಡಿ ಸತ್ತಿದೆ ದೊಡ್ಡಪ್ಪ. ಇದೊಂದೇ ಸತ್ತಿರೋದು!"

"ಅವಸರ ಬೇಡ. ಈಗ ಅದರ ಅಕ್ಕಪಕ್ಕದವರನ್ನ ವಿಚಾರಿಸು."

ಎಡಗಡೆಯ ಗುಂಡಿಯ ಮೇಲೆ ಎಡಕ್ಕೆ ಹೋಗುವ ಬಾಣವಿತ್ತು. ಒತ್ತಿದರೆ ಹಿಂದಿನ ಪುಟಕ್ಕೆ ಹೋಯಿತು, ಅದು ಸರಿ. ಬಲಗಡೆಯದರ ಮೇಲೆ ಬಲಕ್ಕೆ ಹೋಗುವ ಬಾಣ. ಒತ್ತಿದಳು. ಪುಟ ಮಿಣುಕಿತು.

ಹುಡುಗಿ ಮತ್ತೊಮ್ಮೆ ಒತ್ತಿದಳು. ಮತ್ತೆ ಮಿಣುಕಿತು. ಬಾಯಿ ತೆರೆದು ದೊಡ್ಡಪ್ಪನ ಮುಖ ನೋಡಿದಳು.

ದೊಡ್ಡಪ್ಪ ಅಡುಗೆಮನೆಯ ಕಡೆ ತಿರುಗಿ ಮೆಲ್ಲಗೆ ಕರೆದರು. "ಇವಳೇ, ಸ್ವಲ್ಪ ಬಾ ಇಲ್ಲಿ. ಭಾನುವಾರ ತಟ್ಟೆ ಏನಾದ್ರೂ ವಾಲಿತ್ತಾ?"

ದೊಡ್ಡಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದರು. "ವಾಲಿತ್ತು. ಬೆಕ್ಕು ಹಾರ್ತು. ಮೇಲಿನ ಸಾಲಿನ ಮೂರು ಜಾರಿದ್ವು, ನಾನೇ ಎತ್ತಿ ಇಟ್ಟೆ. ಯಾಕೆ?"

"ಹೇಗೆ ಇಟ್ಟೆ?"

"ಹೇಗೆ ಅಂದ್ರೆ? ಎರಡು ಬಾಣ ಇದ್ವು, ಒಂದು ಆ ಕಡೆ ಮುಖ, ಒಂದು ಈ ಕಡೆ ಮುಖ. ಪಕ್ಕಪಕ್ಕ ಇಟ್ರೆ ಜಗಳ ಆಡ್ಕೊಂಡು ಬೆನ್ನು ತಿರುಗಿಸಿದ ಗಂಡಹೆಂಡ್ತಿ ಹಾಗೆ ಕಾಣ್ತಿತ್ತು. ಚೆನ್ನಾಗಿರಲ್ಲ ಅಂತ ಆ ದುಂಡಗಿರೋದನ್ನ ಮಧ್ಯ ಕೂರಿಸಿದೆ."

ಹುಡುಗಿ ತಲೆ ಮೇಲೆ ಕೈ ಹೊತ್ತಳು. ಅವಳ ಗಂಟಲಿನಿಂದ ಬಂದದ್ದು ಅಳುವೋ ನಗುವೋ ಹೇಳುವಂತಿರಲಿಲ್ಲ. ಸೋಮವಾರದಿಂದ ಅವರೆಲ್ಲ ಸುತ್ತು ಬಾಣದ ಮುಖ ನೋಡಿ ಬಲ ಬಾಣದ ಕಾಲು ತುಳಿಯುತ್ತಿದ್ದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

ದೊಡ್ಡಮ್ಮನಿಗೆ ಈಗ ವಿಷಯ ತಿಳಿಯಿತು. ಅವರ ಮುಖ ಸಣ್ಣದಾಯಿತು. "ನನ್ನಿಂದಾನಾ? ಮೂರು ದಿನ ಈ ಮಗು ಅನ್ನ ಬಿಟ್ಟಿದ್ದು ನನ್ನಿಂದಾನಾ?"

"ನಿನ್ನಿಂದ ಅಲ್ಲ ಕಣೇ" ಎಂದರು ದೊಡ್ಡಪ್ಪ. "ತಟ್ಟೆ ನಂಬಿ ಕಣ್ಣು ಮುಚ್ಕೊಂಡು ಒತ್ತಿದವನು ನಾನು. ಅಕ್ಷರದ ಗುಂಡಿ ಆಗಿದ್ರೆ ಕೈಗೇ ಗೊತ್ತಾಗ್ತಿತ್ತು. ಈ ಚಿತ್ರದ ಗುಂಡಿಗಳ ಪರಿಚಯ ನನಗಿಲ್ಲ. ಪರಿಚಯ ಇಲ್ಲ ಅಂತ ಕೇಳಬೇಕಾಗಿತ್ತು, ಕೇಳಲಿಲ್ಲ." ಹೇಳುವಾಗ ಅವರ ಕಿವಿ ಕೆಂಪಾಗಿತ್ತು. ಮೂರು ದಿನ ಪವರ್ ಗುಂಡಿಯನ್ನೂ ಬ್ಯಾಟರಿಯನ್ನೂ ಸತ್ತುಹೋದ ತರಬೇತಿ ಕೇಂದ್ರವನ್ನೂ ದೂರಿದ್ದಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ತಗಡಿನ ಚೂರಿನಿಂದ ಎರಡು ಗುಂಡಿ ಎಬ್ಬಿಸಿ, ಅದಲು ಬದಲು ಮಾಡಿ ಒತ್ತಿದರು. ಟಕ್, ಟಕ್. ಅಷ್ಟೇ ಕೆಲಸ.

"ಈಗ ಒತ್ತು ಮಗಾ."

ಅವಳು ಎಸ್ಕೇಪ್ ಹಿಡಿದಳು, ಸುತ್ತು ಬಾಣ ಹಿಡಿದಳು, ಪವರ್ ಒತ್ತಿದಳು. ಪರದೆ ಕಪ್ಪಾಯಿತು. ಆಮೇಲೆ ಬಂದದ್ದು ಪಾಸ್‌ವರ್ಡ್ ಅಲ್ಲ. ಬೆಳ್ಳನೆಯ ಪರದೆ, ನಡುವೆ ಕೆಂಪು ಗುರುತು, ಕೆಳಗೆ ಈ ಯಂತ್ರದೊಳಗಿನದು ಕೆಟ್ಟಿದೆ ಇಲ್ಲವೇ ಕಾಣೆಯಾಗಿದೆ ಅನ್ನುವ ಅರ್ಥದ ಬರಹ. ಹುಡುಗಿ ಅದನ್ನು ಗಟ್ಟಿಯಾಗಿ ಓದಿದಳು.

"ಅಯ್ಯಯ್ಯೋ, ಈಗ ನಿಜವಾಗ್ಲೂ ಕೆಟ್ಟುಹೋಯ್ತಾ!" ಎಂದು ದೊಡ್ಡಮ್ಮ ಎದೆ ಮೇಲೆ ಕೈ ಇಟ್ಟರು.

"ಇದೇ ದೊಡ್ಡಮ್ಮಾ! ಇದೇ ಬೇಕಿತ್ತು! ಕೆಟ್ಟಿದೆ ಅಂದ್ರೆ ಸರಿ ಹೋಯ್ತು ಅಂತ!" ಎನ್ನುತ್ತಾ ಹುಡುಗಿ ಅವರನ್ನು ಸೊಂಟ ಹಿಡಿದು ಎತ್ತಿ ಒಂದು ಸುತ್ತು ತಿರುಗಿಸಿಯೇ ಬಿಟ್ಟಳು.

ಕಂಟ್ರೋಲ್ ಮತ್ತು ಡಿ ಒಟ್ಟಿಗೆ ಒತ್ತಿದಳು. ಖಚಿತವೇ ಎಂದು ಯಂತ್ರ ಕೇಳಿತು. ಎಂಟರ್ ಒತ್ತಿದಳು. ಒಳಗಿರುವುದನ್ನೆಲ್ಲ ಅಳಿಸಿ ಶುಚಿ ಮಾಡಿಕೊಳ್ಳಲು ಅದಕ್ಕೆ ಕಾಲು ಗಂಟೆ ಬೇಕಂತೆ. "ಓಹೋ, ಅದೂ ಸ್ನಾನ ಮಾಡುತ್ತೆ ಅನ್ನು" ಎಂದರು ದೊಡ್ಡಪ್ಪ. ಮೂವರೂ ಟೀ ಕುಡಿಯುತ್ತಾ ಅದರ ಮುಂದೆ ಕುಳಿತರು.

ಎದ್ದ ಮೇಲೆ ಯಂತ್ರ ಇನ್ನೊಂದು ಬೆಳ್ಳನೆಯ ಪರದೆ ತೋರಿಸಿತು. ಇನ್ನು ಮೇಲೆ ಪ್ರತಿ ಸಲ ಹಚ್ಚಿದಾಗಲೂ ಇದು ಬರುತ್ತದೆ, ಹಳೆಯ ಸ್ಥಿತಿಗೆ ಮರಳಲು ಸ್ಪೇಸ್ ಬಾರ್ ಒತ್ತಿ ಎಂದು ಕರೆಯುತ್ತದೆ, ಒತ್ತಬಾರದು ಎಂದು ಹುಡುಗಿ ವಿವರಿಸುತ್ತಿದ್ದಳು. ಅವಳ ಮಾತು ಮುಗಿಯುವ ಮೊದಲೇ ದೊಡ್ಡಪ್ಪನ ಬಲ ಹೆಬ್ಬೆರಳು ಸ್ಪೇಸ್ ಬಾರಿನ ಮೇಲೆ ಬಿದ್ದಿತ್ತು. ನಲವತ್ತೆರಡು ವರ್ಷ, ಕೆಲಸ ಮುಗಿದ ಪ್ರತಿ ಟೈಪ್‌ರೈಟರಿಗೂ ಕೊನೆಗೆ ಸ್ಪೇಸ್ ಬಾರಿನ ಮೇಲೆ ಒಂದು ಏಟು ಹಾಕಿಯೇ ಗಿರಾಕಿಗೆ ಕೊಟ್ಟ ಬೆರಳು ಅದು.

"ದೊಡ್ಡಪ್ಪಾ!"

ಖಚಿತವೇ ಎಂದು ಯಂತ್ರ ಕೇಳುತ್ತಾ ನಿಂತಿತು. ಎಂಟರ್ ಒತ್ತಿದ್ದರೆ ಮತ್ತೆ ಬಾಡಿಗೆ ಮನೆಯೇ. ಹುಡುಗಿ ಯಂತ್ರವನ್ನು ಆರಿಸಿ, ಮತ್ತೆ ಹಚ್ಚಿ, ಕಂಟ್ರೋಲ್ ಡಿ ಒತ್ತಿ ದಾಟಿಸಿಕೊಂಡಳು. ದೊಡ್ಡಪ್ಪ ಆ ಸಂಜೆಯೆಲ್ಲ ಬಲಗೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೇ ಕುಳಿತಿದ್ದರು. ಊಟದ ಹೊತ್ತಿಗೆ ಪ್ರೋಗ್ರಾಮು ಒಳಗೆ ಕುಳಿತಿತ್ತು, ಹೆಣಿಗೆ ಯಂತ್ರದ ತಂತಿ ಸಿಕ್ಕಿತ್ತು. ನಡುವಿನ ಒಂದು ಸೂಜಿ ಎದ್ದು ಕೂತು ಎದ್ದು ಕೂತು ಮಾಡಿತು. ದೊಡ್ಡಮ್ಮ ಅದಕ್ಕೆ ಚಪ್ಪಾಳೆ ತಟ್ಟಿದರು.

ಶುಕ್ರವಾರ ಯಜಮಾನಿ ಹೇಳಿದ ಹೊತ್ತಿಗೇ ಬಂದರು. ಕೊಟ್ಟ ಕುರ್ಚಿಯಲ್ಲಿ ಕೂರದೆ ಯಂತ್ರದ ಹತ್ತಿರ ನಿಂತರು. ಮೊಬೈಲ್ ಅಂಗಡಿಯವನೂ ಅಂಗಡಿ ಬಿಟ್ಟು ಬಾಗಿಲಿಗೆ ಒರಗಿದ್ದ. ಹುಡುಗಿ ಲ್ಯಾಪ್‌ಟಾಪು ಹಚ್ಚಿ, ನೂಲಿನ ಉಂಡೆ ಸರಿಮಾಡಲು ಬಗ್ಗಿದಳು. ಬೆಳ್ಳನೆಯ ಪರದೆ ಬಂದು, ಯಂತ್ರ ಬೀಪ್ ಎಂದು ಕೂಗಿತು.

"ಏನೋ ಕೇಳ್ತಿದೆಯಲ್ಲ, ಸ್ಪೇಸ್ ಒತ್ತಿ ಅಂತ" ಎಂದು ಯಜಮಾನಿ ಬೆರಳು ಚಾಚಿದರು.

"ಮುಟ್ಟಬೇಡಿ!"

ಆ ಮನೆಯಲ್ಲಿ ದೊಡ್ಡಪ್ಪನ ಗಂಟಲು ಅಷ್ಟು ಎತ್ತರಕ್ಕೆ ಹೋದದ್ದನ್ನು ಯಾರೂ ಕೇಳಿರಲಿಲ್ಲ. ಯಜಮಾನಿಯ ಕೈ ಗಾಳಿಯಲ್ಲೇ ನಿಂತಿತು. ದೊಡ್ಡಪ್ಪ ಅವರ ಮಣಿಕಟ್ಟನ್ನೇ ಹಿಡಿದುಬಿಟ್ಟಿದ್ದರು. "ತಪ್ಪು ತಿಳ್ಕೋಬೇಡಿ ತಾಯಿ. ಅದು ಹಾಗೇ ಕರೆಯುತ್ತೆ. ಕರೆದವರ ಮನೆಗೆಲ್ಲ ಹೋಗಬಾರದು."

ಯಜಮಾನಿ ಅವರನ್ನು ಮೇಲಿಂದ ಕೆಳಗೆ ನೋಡಿ, ಕೈ ಬಿಡಿಸಿಕೊಂಡು, ಬೆನ್ನ ಹಿಂದೆ ಕಟ್ಟಿಕೊಂಡರು. ಹುಡುಗಿ ಕಂಟ್ರೋಲ್ ಡಿ ಒತ್ತಿದಳು.

ಅವಳು ಹೆಣೆದದ್ದು ಸಾಲುಗಟ್ಟಿ ಹೋಗುವ ಇರುವೆಗಳನ್ನು. ಬೂದು ನೆಲ, ಕಪ್ಪು ಇರುವೆ. ಸೂಜಿಗಳ ಮೇಲೆ ನೂಲು ಎಳೆಯುವ ಪುಟ್ಟ ಗಾಡಿ ಆ ಕಡೆ ಈ ಕಡೆ ಓಡಿತು, ಸರಕ್ ಸರಕ್. ಒಂದು ಅಂಗೈ ಅಗಲ ಎದೆಯ ತುಂಡು ಹೆಣೆದಳು, ಅಷ್ಟೇ ತೋಳಿನ ತುಂಡು ಹೆಣೆದಳು. ಆಮೇಲೆ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು, ಆರು ವರ್ಷ ಪಳಗಿದ ಕೈಯಲ್ಲಿ ಜೋಡಿಸಿ, ಯಜಮಾನಿಯ ಕೈಗೆ ಕೊಟ್ಟಳು.

ಯಜಮಾನಿ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ನೇರ ಹೊಲಿಗೆಯ ಗೆರೆಯ ಮೇಲೇ ಹೆಬ್ಬೆರಳು ಓಡಿಸಿದರು. ಎದೆಯ ಮೇಲಿಂದ ಹೊರಟ ಇರುವೆ ಸಾಲು ಗೆರೆ ದಾಟಿ ತೋಳಿಗೆ ಹತ್ತಿತ್ತು. ಒಂದು ಇರುವೆಗೂ ತಲೆ ತುಂಡಾಗಿರಲಿಲ್ಲ, ಕಾಲು ಮುರಿದಿರಲಿಲ್ಲ.

"ನಮ್ಮ ನಕ್ಷೆಗಳೆಲ್ಲ ಭುಜದ ಹತ್ತಿರ ತುಂಡಾಗುತ್ತೆ" ಎಂದರು ನಿಧಾನವಾಗಿ. "ಇಷ್ಟು ವರ್ಷದಿಂದ ಹೇಳ್ತಿದೀನಿ, ಯಾರ ಕೈಲೂ ಆಗಲಿಲ್ಲ. ನಿನಗೆ ಯಾರು ಹೇಳಿಕೊಟ್ರು?"

"ದಿನಾ ನೂರು ತೋಳು ಜೋಡಿಸ್ತೀನಮ್ಮ. ದಿನಾ ನೂರು ಕಡೆ ತುಂಡಾಗೋದನ್ನ ನೋಡ್ತೀನಿ" ಎಂದಳು ಹುಡುಗಿ.

ಯಜಮಾನಿ ನಗಲಿಲ್ಲ. ತುಂಡನ್ನು ನಾಲ್ಕಾಗಿ ಮಡಿಸಿ ತಮ್ಮ ಚೀಲಕ್ಕೆ ಹಾಕಿಕೊಂಡರು. "ಇದು ನನ್ನ ಹತ್ರ ಇರಲಿ. ಸೋಮವಾರ ಕೆಳಗಡೆ ಹೋಗಬೇಡ, ನೇರ ಮಹಡಿ ಹತ್ತು. ಯಂತ್ರ ತರೋಕೆ ಗಾಡಿ ಕಳಿಸ್ತೀನಿ." ಬಾಗಿಲಲ್ಲಿ ನಿಂತು ದೊಡ್ಡಪ್ಪನ ಕಡೆ ತಿರುಗಿದರು. "ನಿಮ್ಮ ಹಿಡಿತ ಬಲವಾಗಿದೆ ಯಜಮಾನ್ರೇ. ಮಣಿಕಟ್ಟು ಇನ್ನೂ ನೋಯ್ತಿದೆ."

ಅವರು ತಿರುವು ದಾಟುವ ತನಕ ಮನೆಯೊಳಗೆ ಯಾರೂ ಉಸಿರು ಬಿಡಲಿಲ್ಲ. ದಾಟಿದ ಮೇಲೆ ಬಂದ ಕೂಗಿಗೆ ಪಕ್ಕದ ಮನೆಯವರು ಏನಾಯಿತೋ ಎಂದು ಓಡಿ ಬಂದರು. ಮೊಬೈಲ್ ಅಂಗಡಿಯವನು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದ.

"ಮದರ್‌ಬೋರ್ಡ್ ಹೋಗಿತ್ತಲ್ಲಪ್ಪಾ?" ಎಂದರು ದೊಡ್ಡಮ್ಮ ಅವನಿಗೆ.

"ಹೋಗಿತ್ತು ದೊಡ್ಡಮ್ಮ, ಟಕಟಕ ಮಾಮನ ಮುಖ ನೋಡಿ ವಾಪಸ್ ಬಂತು" ಎಂದ ಅವನು, ಸ್ವಲ್ಪವೂ ನಾಚದೆ. ಮರುದಿನ ಬೆಳಿಗ್ಗೆಯೇ ತನ್ನ ಅಂಗಡಿಯಲ್ಲಿ ಮಾತು ಕೇಳದೆ ಬಿದ್ದಿದ್ದ ಮೂರು ಲ್ಯಾಪ್‌ಟಾಪುಗಳನ್ನು ತಂದು ದೊಡ್ಡಪ್ಪನ ಮೇಜಿನ ಮೇಲೆ ಇಟ್ಟು ಹೋದ.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಕಾರ್ಖಾನೆಯ ಗಾಡಿ ಬಂತು. ಹೆಣಿಗೆ ಯಂತ್ರವನ್ನು ಕಂಬಳಿ ಸುತ್ತಿ ಇಬ್ಬರು ಆಳುಗಳು ಎತ್ತಿಕೊಂಡರು. ನಕ್ಷೆಯ ಟ್ರಂಕನ್ನು ಮೊಬೈಲ್ ಅಂಗಡಿಯವನು ಹೊತ್ತ. ಲ್ಯಾಪ್‌ಟಾಪನ್ನು ಅವಳು ಯಾರ ಕೈಗೂ ಕೊಡಲಿಲ್ಲ. ಎದೆಗೆ ಅವಚಿಕೊಂಡು ಚಾಲಕನ ಪಕ್ಕ ಕುಳಿತಳು. ತೋಳು ಜೋಡಿಸುವ ಹುಡುಗಿ ಆ ಮನೆಯಿಂದ ಹೊರಟದ್ದು ಆ ಸೋಮವಾರ, ಸಂಜೆ ಮರಳಿ ಬಂದವಳು ನಕ್ಷೆ ಬರೆಯುವ ಹುಡುಗಿ.